ಮಂಗಳ ನುಡಿದ ಮೇಲೆ

ಮರುದಿನ ಬೆಳಗ್ಗೆ ಆ ಹಳೆಯ ಡ್ಯಾನ್ಸ್ ಕ್ಲಬ್ಬು ನೆಲಸಮವಾಗಲಿತ್ತು. ಕಟ್ಟಡವನ್ನು ಕೊಂಡಿದ್ದ ಯುವಕನು ಹಳೆಯ ಸದಸ್ಯರಲ್ಲಿ ಇನ್ನೂ ಉಳಿದಿದ್ದ ಮೂವರು ಮುದುಕರನ್ನು ಕೊನೆಯ ಸಂಜೆಗೆ ಆಹ್ವಾನಿಸಿ, ತಾನೇ ನಿಂತು ಅವರ ಗ್ಲಾಸು ತುಂಬಿಸುತ್ತಿದ್ದನು. ವೇದಿಕೆಯ ಮೇಲೆ ಒಬ್ಬನು ಸ್ಯಾಕ್ಸೊಫೋನಿನಲ್ಲಿ ಅಂದಿನ ಕುಣಿತದ ಹಾಡುಗಳನ್ನು ನುಡಿಸುತ್ತಿದ್ದನು.

“ಪೊಲೀಸ್ ರೇಡು ಅಂದ್ರೆ ನಮಗೆ ಮಜಾ ಕಣಯ್ಯ,” ಎಂದರು ಮೂವರಲ್ಲಿ ಹಿರಿಯರು. “ಬ್ಯಾಂಡಿನವರು ಹಾಡು ನಿಲ್ಲಿಸಿ ಮಂಗಳ ನುಡಿಸೋರು. ಅದೇ ನಮಗೆ ಸೂಚನೆ. ಎಲ್ಲ ನೆಲಮಾಳಿಗೆಗೆ ಇಳಿದು ಚಿಲಕ ಹಾಕ್ಕೊಳ್ತಿದ್ವಿ. ಆಮೇಲೆ ಯಾರು ಬಂದ್ರೂ ತೆಗೀತಿರಲಿಲ್ಲ.”

“ನಿಮ್ಮವರೇ ಯಾರಾದ್ರೂ ಹೊರಗೆ ಉಳಿದ್ರೆ, ಸಾರ್?”

“ಒಂದ್ಸಲ ಡ್ರಮ್ಮಿನ ಫೆಲಿಕ್ಸ್ ಉಳಿದ. ‘ತೆಗೀರಿ ಸಾರ್’ ಅಂತ ಬಾಗಿಲು ಬಡಿದೇ ಬಡಿದ. ಆ ಗಾಬರೀಲೂ ತಾಳ ತಪ್ಪಲಿಲ್ಲ ನೋಡು! ಒಳಗೆ ನಾವು ತಲೆದೂಗಿದ್ವಿ.”

ಮೂವರೂ ನಕ್ಕರು.

“ಆಮೇಲೆ?”

“ಠಾಣೆಯಿಂದ ಹೆಣ ಬಂತು, ಪಾಪ. ಇನ್ನೊಂದು ಪೆಗ್ ಹಾಕಪ್ಪ.”

ಯುವಕನು ಪೆಗ್ ಹಾಕಿ, ವೇದಿಕೆಯತ್ತ ಕಣ್ಸನ್ನೆ ಮಾಡಿದನು. ಸ್ಯಾಕ್ಸೊಫೋನು ಮಂಗಳಕ್ಕೆ ತಿರುಗಿತು.

“ಏಳ್ರಯ್ಯ, ರೇಡು!”

ಮುದುಕರು ಹುಡುಗರಂತೆ ಕೇಕೆ ಹಾಕುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಲಮಾಳಿಗೆಗೆ ಇಳಿದರು. ಹಿಂದೆಯೇ ಬಾಗಿಲು ಮುಚ್ಚಿ, ಹೊರಗಿನಿಂದ ಬೀಗ ಬಿದ್ದ ಸದ್ದಾಯಿತು. ನಗು ನಿಂತಿತು. ಮೊದಲು ಕೂಗಿ ಕರೆದರು. ಬಳಿಕ ಮೂವರೂ ಸೇರಿ ಬಾಗಿಲನ್ನು ಬಡಿಯತೊಡಗಿದರು.

“ತಾಳ ತಪ್ತಾ ಇದೆ, ಸಾರ್,” ಎಂದಿತು ಹೊರಗಿನಿಂದ ಯುವಕನ ದನಿ. “ನಮ್ಮಪ್ಪ ಸರಿಯಾಗಿ ಬಡಿದಿದ್ರು.”