ಒಂದೂವರೆ ಲಕ್ಷದೊಳಗಿನ ಎಟಿವಿ

“ಆ ಗಾಡಿ ಬೇರೆ ಪಾರ್ಟಿಗೆ ಆಯ್ತು ಸಾರ್.”

ಗುಬ್ಬಿಯವನು ಫೋನಿನಲ್ಲಿ ಇಷ್ಟು ಹೇಳುವಷ್ಟರಲ್ಲೇ ಸಂಗಮೇಶನ ಪಿತ್ತ ನೆತ್ತಿಗೇರಿತು. ಹಿಂದಿನ ದಿನವಷ್ಟೇ ತುಮಕೂರಿನಿಂದ ಹೋಗಿ, ಗಾಡಿ ನೋಡಿ, ಒಂದೂವರೆ ಲಕ್ಷಕ್ಕೆ ಮಾತು ಮುಗಿಸಿ ಬಂದಿದ್ದ.

“ನಿನ್ನೆ ಒಪ್ಕೊಂಡಿದ್ರಲ್ರೀ?”

“ಒಪ್ಕೊಂಡಿದ್ದೆ. ಬೆಳಿಗ್ಗೆ ಪಾರ್ಟಿ ಫೋನ್ ಮಾಡಿ ಇಪ್ಪತ್ತು ಸಾವಿರ ಜಾಸ್ತಿ ಅಂತು. ನೀವೂ ಅಷ್ಟು ಕೊಡೋದಾದ್ರೆ ಹೇಳಿ.”

ಕೊಡುವಂತಿರಲಿಲ್ಲ. ದುಡ್ಡಿಗಿಂತ ದೊಡ್ಡದು ಆಣೆ. ಒಂದೂವರೆ ಲಕ್ಷದ ಮೇಲೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲವೆಂದು ಮಗಳು ಭೂಮಿಕಾಳ ತಲೆ ಮುಟ್ಟಿ ಆಣೆ ಮಾಡಿದ್ದ. ಮಾಡಿಸಿದವಳು ಹೆಂಡತಿ ದಾಕ್ಷಾಯಣಿ.

ಹೋದ ವಾರ ಗೂಳೂರಿನಲ್ಲೂ ಇದೇ ಕಥೆ. ಅಲ್ಲೂ ಸರಿಯಾಗಿ ಇಪ್ಪತ್ತು ಸಾವಿರ ಹೆಚ್ಚು. ಸೆಕೆಂಡ್ ಹ್ಯಾಂಡ್ ಎಟಿವಿ ಎಂದರೆ ಸಂತೆಯಲ್ಲಿ ಸಿಗುವ ಬದನೆಕಾಯಿಯಲ್ಲ. ದಪ್ಪನೆಯ ನಾಲ್ಕು ಚಕ್ರ, ಬೈಕಿನಂತೆ ಆಚೀಚೆ ಕಾಲು ಹಾಕಿ ಕೂರುವ ಸೀಟು. ಕಲ್ಲು, ಕೊರಕಲು, ಕೆಸರು ಯಾವುದಕ್ಕೂ ಜಗ್ಗದ ಗಾಡಿ. ಜಿಲ್ಲೆಯಲ್ಲಿ ಮಾರಾಟಕ್ಕೆ ಬರುವುದೇ ಬೆರಳೆಣಿಕೆಯಷ್ಟು. ಬಂದದ್ದನ್ನೆಲ್ಲ ಯಾವನೋ ಬಾಯಿಂದ ಕಿತ್ತುಕೊಳ್ಳುತ್ತಿದ್ದಾನೆ. ಸಂಗಮೇಶ ಗೂಳೂರಿನವನನ್ನು ಬ್ಲಾಕ್ ಮಾಡಿದಂತೆ ಗುಬ್ಬಿಯವನನ್ನೂ ಬ್ಲಾಕ್ ಮಾಡಿದ. ಸಿಟ್ಟು ಬಂದರೆ ಅವನಿಗೆ ಹಿಂದುಮುಂದು ಕಾಣುವುದಿಲ್ಲ.

ಭಾನುವಾರ ಬಂತೆಂದರೆ ಗೆಳೆಯರೆಲ್ಲ ಮಾರ್ಕೋನಹಳ್ಳಿ ಹಿನ್ನೀರಿನಾಚೆಯ ಕಲ್ಲುದಾರಿಯಲ್ಲಿ ಗಾಡಿ ಹತ್ತಿಸುತ್ತಾರೆ. ಸಹಕಾರಿ ಬ್ಯಾಂಕಿನ ಗುಮಾಸ್ತ ಸಂಗಮೇಶ ಮನೆಯಲ್ಲಿ ಪೇಪರು ಹಿಡಿದು ಕೂರುತ್ತಾನೆ. ಹೋದ ದೀಪಾವಳಿಯಲ್ಲಿ ಮೋಹನ್‌ಕುಮಾರನ ಗಾಡಿ ಓಡಿಸಿ, ಮಗುಚಿ, ಹೆಗಲ ಮೂಳೆ ಮುರಿದುಕೊಂಡ ಮೇಲೆ ಯಾರೂ ಅವನ ಕೈಗೆ ಗಾಡಿ ಕೊಡುತ್ತಿಲ್ಲ. ಸ್ವಂತದ್ದೇ ಆಗಬೇಕು. ವಯಸ್ಸು ನಲವತ್ತಮೂರು. ಈಗ ಬಿಟ್ಟರೆ ಇನ್ನು ಆಗದು ಎಂಬ ಚಡಪಡಿಕೆ ಅವನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಹೆಂಡತಿಯ ವಿಷಯದಲ್ಲಿ ಮಾತ್ರ ಪುಣ್ಯವಂತ. ಬೇರೆಯವಳಾಗಿದ್ದರೆ ಆ ಮೂಳೆಯ ನೆಪ ಹಿಡಿದು ಮನೆಯನ್ನು ರಣರಂಗ ಮಾಡುತ್ತಿದ್ದಳು. ದಾಕ್ಷಾಯಣಿ ಆಣೆಯೊಂದನ್ನು ಹಾಕಿಸಿಕೊಂಡು ಒಂದೇ ಮಾತಿಗೆ ಒಪ್ಪಿದಳು. ಸಂಜೆ ಕಾಫಿ ಕೊಟ್ಟು ಪಕ್ಕದಲ್ಲೇ ಕೂತು, ಗಾಡಿ ಎಲ್ಲಿಯದು, ಯಾರದು, ಎಷ್ಟಕ್ಕೆ ಬಂತು ಎಂದು ಕೇಳುತ್ತಿದ್ದಳು. ಹಳ್ಳಿ ಕಡೆ ಫೋನ್ ಸಿಗುವುದಿಲ್ಲವೆಂದು ಹೋಗುವ ಕಡೆಯ ನಂಬರನ್ನೂ ಬರೆದಿಟ್ಟುಕೊಳ್ಳುತ್ತಿದ್ದಳು. ಇಷ್ಟು ಕಾಳಜಿ ಯಾರಿಗಿರುತ್ತದೆ?

ಸಂಶಯವೆಲ್ಲ ಮೋಹನ್‌ಕುಮಾರನ ಮೇಲೆ. ಗೂಳೂರು, ಗುಬ್ಬಿ ಎರಡೂ ಗಾಡಿಗಳ ಸುದ್ದಿ ಅವನಿಗೆ ಗೊತ್ತಿತ್ತು. ತನ್ನ ಗಾಡಿ ಜಖಂ ಆದ ಸೇಡನ್ನು ಹೀಗೆ ತೀರಿಸಿಕೊಳ್ಳುತ್ತಿರಬೇಕು. ಅಂದೇ ಅವನ ಅಂಗಡಿಗೆ ನುಗ್ಗಿದ.

“ಏನ್ಲಾ ಮೋಹನ, ಅಡ್ಡಗಾಲು ಹಾಕ್ತಿರೋನು ನೀನೇ ತಾನೇ?”

“ಥೂ ನಿನ್ನ! ನನ್ ಹತ್ರ ಒಂದೈತೆ. ಇನ್ನೊಂದು ತಗೊಂಡು ಪೂಜೆ ಮಾಡ್ಲಾ?”

ಸಂಗಮೇಶ ನಂಬಲಿಲ್ಲ. ಇಪ್ಪತ್ತು ವರ್ಷದ ಸ್ನೇಹ ಅಲ್ಲೇ ಮುರಿದುಬಿತ್ತು. ಇನ್ನು ನನ್ನ ಮನೆ ಹೊಸ್ತಿಲು ತುಳಿಯಬೇಡ ಎಂದು ಹೇಳಿ ಬಂದ.

ಮೂರನೆಯ ಗಾಡಿ ಕುಣಿಗಲ್ ಕಡೆ ಅಮೃತೂರಿನಲ್ಲಿ ಸಿಕ್ಕಿತು. ತೆಂಗಿನಕಾಯಿ ವ್ಯಾಪಾರಿ ಅಡವಿಯಪ್ಪ ತೋಟದೊಳಗೆ ಕಾಯಿ ಸಾಗಿಸಲು ಇಟ್ಟುಕೊಂಡಿದ್ದದ್ದು. ಈ ಸಲ ಸಂಗಮೇಶ ಹುಷಾರಾದ. ಫೋನಿನಲ್ಲಿ ಮಾತಾಡಿದ್ದನ್ನು ಗೆಳೆಯರ ಪೈಕಿ ಒಬ್ಬನಿಗೂ ಹೇಳಲಿಲ್ಲ. ಶನಿವಾರ ದುಡ್ಡು ಜೇಬಿಗಿಟ್ಟುಕೊಂಡೇ ಬಸ್ಸು ಹತ್ತಿದ.

ತೋಟದ ಶೆಡ್ಡಿನಲ್ಲಿ ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು, ತಾನು ಬರುವ ಮೊದಲೇ ಬಿಸಿ ಮಾಡಿಟ್ಟಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದ. ಬೆಳ್ಳಗಾಗಿರಲಿಲ್ಲ, ಅಂದರೆ ಒಳಗೆ ನೀರು ಹೊಕ್ಕಿಲ್ಲ. ಚಕ್ರ ಹಿಡಿದು ಅಲ್ಲಾಡಿಸಿದ. ಬಟ್ಟೆ ಕೊಳೆಯಾದರೂ ಸರಿ ಎಂದು ಗಾಡಿಯ ಕೆಳಗೆ ಮಲಗಿ, ಎಲ್ಲಾದರೂ ಬೆಸುಗೆ ಹಾಕಿದ್ದಾರೆಯೇ ಎಂದು ಬೆರಳಾಡಿಸಿದ. ಎಲ್ಲೂ ಇಲ್ಲ. ಸ್ವಿಚ್ ಒತ್ತಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

“ಒಂದೂವರೆಗೆ ಕೊಡೋಕೆ ನಂಗೇನೂ ಬೇಜಾರಿಲ್ಲ ಸಾರ್,” ಎಂದ ಅಡವಿಯಪ್ಪ, ತಲೆ ಕೆರೆದುಕೊಳ್ಳುತ್ತ. “ಆದ್ರೆ ನಿನ್ನೆ ತುಮಕೂರಿಂದ ಒಂದು ಪಾರ್ಟಿ ಫೋನ್ ಮಾಡಿತ್ತು. ಒಂದು ಎಪ್ಪತ್ತು ಅಂತಾವ್ರೆ.”

ಸಂಗಮೇಶ ಎಂಜಿನ್ ಆರಿಸಿದ.

“ಅಡ್ವಾನ್ಸ್ ಕಳಿಸಿದ್ರಾ?”

“ಎಲ್ಲಿ? ಕೇಳಿದ್ರೆ ನಾಳೆ ಅಂತಾವ್ರೆ.”

ಅಂದರೆ ಕೊಳ್ಳುವ ಮನಸ್ಸೇ ಇಲ್ಲ. ಸಂಗಮೇಶನಿಗೆ ಸಿಗದಿದ್ದರೆ ಸಾಕು! ಇಲ್ಲಿಯ ಸುದ್ದಿಯನ್ನೂ ಆ ಮೋಹನ ಹೇಗೆ ಪತ್ತೆ ಹಚ್ಚಿದನೋ. ಇವತ್ತು ಮಾತ್ರ ಕಳ್ಳನನ್ನು ಕೈಯಾರೆ ಹಿಡಿಯಬೇಕು. ಸಂಗಮೇಶನಿಗೆ ಗಾಡಿಗಿಂತ ಅದೇ ಮುಖ್ಯವಾಯಿತು.

“ಈಗ್ಲೇ ಫೋನ್ ಮಾಡಿ. ಸ್ಪೀಕರ್ ಹಾಕಿ. ದುಡ್ಡು ಇವತ್ತೇ ತರ್ತಾರಾ ಕೇಳಿ. ಇಲ್ಲ ಅಂದ್ರೆ ಗಾಡಿ ನಂದು.”

“ಆಗ್ಲಿ ಬುಡಿ, ಅದೇ ನ್ಯಾಯ,” ಎಂದು ಅಡವಿಯಪ್ಪ ನಂಬರು ಒತ್ತಿದ. ಎರಡನೇ ರಿಂಗಿಗೇ ಎತ್ತಿದರು.

“ಇಲ್ಲೊಬ್ರು ದುಡ್ಡು ಹಿಡ್ಕೊಂಡು ನಿಂತವ್ರೆ. ಏನ್ ಮಾಡ್ಲಿ ಹೇಳಿ.”

ಮೋಹನನಿಗೆಂದು ಒಳ್ಳೊಳ್ಳೆ ಬೈಗುಳ ಆರಿಸಿಕೊಂಡು ಸಂಗಮೇಶ ಬಾಯಿ ತೆರೆದ.

“ಇನ್ನೂ ಹತ್ತು ಸಾವಿರ ಸೇರಿಸ್ತೀನಿ ಅಣ್ಣ, ಬಳೆ ಅಡವಿಟ್ಟಾದ್ರೂ ಸಂಜೆಯೊಳಗೆ ತಂದ್ಕೊಡ್ತೀನಿ,” ಎಂದು ಸ್ಪೀಕರಿನಲ್ಲಿ ಅಳುತ್ತಿದ್ದಳು ದಾಕ್ಷಾಯಣಿ. “ದಮ್ಮಯ್ಯ, ನಮ್ಮನೆಯವರಿಗೆ ಮಾತ್ರ ಕೊಡ್ಬೇಡಿ.”