ಗುಂಯ್ ಎನ್ನುವ ಮನೆ

ಸ್ಪೀಕರ್ ಪೆಟ್ಟಿಗೆಯ ತಂತಿ ಪುಸ್ತಕದ ಕಪಾಟಿನ ಹಿಂದೆ ಹೋಗಿ ಅಲ್ಲೇ ಮುಗಿದಿತ್ತು. ಅದರ ತುದಿಯನ್ನು ಪ್ರೇಬೆನ್ ಯಾವುದಕ್ಕೂ ಜೋಡಿಸಿರಲಿಲ್ಲ. ಆದರೂ ಅವನ ಹೆಂಡತಿ ಟೋವೆ ಸೋಫಾದ ಮೇಲೆ ಕುಳಿತು, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಆಲಿಸಿದಳು.

“ನಿಂತುಹೋಯ್ತು ನೋಡು,” ಎಂದಳು.

ಪ್ರೇಬೆನ್‌ಗೆ ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಎದೆ ಜೋಮು ಹಿಡಿದಿತ್ತು. ಹೆಂಡತಿಯ ತಲೆ ಕೆಡುತ್ತಿದೆ ಎಂಬುದಷ್ಟೇ ಖಾತ್ರಿಯಾಯಿತು.

ಆ ಗುಂಯ್ ಸದ್ದು ಶುರುವಾದದ್ದು ಮೇ ತಿಂಗಳ ಒಂದು ಬೆಳಿಗ್ಗೆ, ಕಾಫಿ ಹೊತ್ತಿನಲ್ಲಿ. ಅವನು ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಗೋಡೆಯೊಳಗೆ ಜೇನು ಕಟ್ಟಿದ ಹಾಗೆ ಸದ್ದು ಬರುತ್ತಿದೆ, ನಿನಗೆ ಕೇಳಿಸುತ್ತಿಲ್ಲವೇ ಎಂದಳು ಟೋವೆ. ಇಲ್ಲ ಎಂದ. ಮರುದಿನವೂ ಅದೇ ರಾಗ. ಫ್ರಿಜ್ ಇರಬೇಕೆಂದು ಅದನ್ನು ಆರಿಸಿದ. ಮನೆಯ ಮೇನ್ ಸ್ವಿಚ್ಚನ್ನೇ ತೆಗೆದ. ಇನ್ನೂ ಇದೆ ಎಂದಳು. ಊರಾಚೆಯ ಗಾಳಿಯಂತ್ರಗಳಿರಬಹುದೆಂದು ಸೈಕಲ್ ತುಳಿದುಕೊಂಡು ಹೋಗಿ ನೋಡಿದ. ಡೆನ್ಮಾರ್ಕಿನ ಗಾಳಿ ಒಂದು ದಿನವೂ ಸುಮ್ಮನಿರುವುದಲ್ಲ. ಅವತ್ತು ಮಾತ್ರ ಸತ್ತಂತೆ ಬಿದ್ದಿತ್ತು, ರೆಕ್ಕೆಗಳು ಅಲುಗುತ್ತಿರಲಿಲ್ಲ.

ಕೊನೆಗೆ ನೆಲಮಾಳಿಗೆಯಿಂದ ಸದ್ದು ಅಳೆಯುವ ಮೈಕು ತಂದು ಕೋಣೆ ಕೋಣೆಯಲ್ಲೂ ಇಟ್ಟ. ಪರದೆಯ ಮೇಲಿನ ಗೆರೆ ಎಲ್ಲೂ ತಲೆಯೆತ್ತಲಿಲ್ಲ. ಕಿವಿಯ ವೈದ್ಯರಂತೂ ಹದಿನೆಂಟರ ಹುಡುಗಿಯ ಕಿವಿ ಎಂದು ಹೊಗಳಿ ಕಳಿಸಿದರು. ಟೋವೆಯ ತಾಯಿ ಕೊನೆಗಾಲದಲ್ಲಿ ಅಟ್ಟದ ಮೇಲೆ ನೆಂಟರು ಮಾತಾಡುತ್ತಿದ್ದಾರೆಂದು ಅವರಿಗೂ ಕಾಫಿ ಬಗ್ಗಿಸಿಡುತ್ತಿದ್ದಳು. ಅದು ಪ್ರೇಬೆನ್‌ಗೆ ನೆನಪಾಯಿತು.

“ನಲವತ್ತು ವರ್ಷದಿಂದ ಮನೆ ತುಂಬ ಸ್ಪೀಕರ್ ಮಾಡಿಟ್ಟಿದೀಯಲ್ಲ, ಒಂದು ಸದ್ದು ಅಡಗಿಸೋಕೆ ಆಗಲ್ವಾ ನಿನಗೆ?” ಎಂದು ಟೋವೆ ಚುಚ್ಚಿದಳು.

ಆಗುತ್ತದೆ. ಸದ್ದಿನ ಅಲೆಯನ್ನೇ ತಲೆಕೆಳಗು ಮಾಡಿ ಅದರೆದುರು ಬಿಟ್ಟರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಆದರೆ ತಿನ್ನಲು ಮೊದಲು ಸದ್ದು ಇರಬೇಕಲ್ಲ. ಇಲ್ಲದ್ದರ ಜೊತೆ ಕಾದಾಡುವುದೆಂದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಇಂಥ ಹೊತ್ತಿನಲ್ಲಿ ವಾದಕ್ಕಿಂತ ಹೂಂ ಅನ್ನುವುದೇ ಲೇಸು ಎಂದುಕೊಂಡು, ಆಗುತ್ತದೆ ಎಂದುಬಿಟ್ಟ.

ಸ್ಪೀಕರ್ ಕಟ್ಟುವ ಕಿಟ್ ಬಂತು. ಅಳತೆಗೆ ಕೊಯ್ದ ಬರ್ಚ್ ಮರದ ಹಲಗೆಗಳು, ತಗ್ಗು ದನಿ ಹೊರಡಿಸುವ ಊಟದ ತಟ್ಟೆಯಷ್ಟಗಲದ ವೂಫರ್, ಒಳಗೆ ತುಂಬುವ ಉಣ್ಣೆ, ಒಂದು ಪೊಟ್ಟಣ ತಿರುಪು. ಹಿಂದೆಲ್ಲ ಕಿಟ್ ಬಂತೆಂದರೆ ಗೆಳೆಯ ವಿಲ್ಲಿ ಓಡಿಬರುತ್ತಿದ್ದ. ಮೊದಲು ಅಂಟೋ ಮೊದಲು ತಿರುಪೋ ಎಂದು ಇಬ್ಬರೂ ಶನಿವಾರ ಪೂರ್ತಿ ಕಚ್ಚಾಡುತ್ತಿದ್ದರು. ಮಾರ್ಚಿನಲ್ಲಿ ವಿಲ್ಲಿ ತೀರಿಕೊಂಡಿದ್ದ. ಪ್ರೇಬೆನ್ ಈಗ ಒಬ್ಬನೇ ಅಂಟು ಹಚ್ಚಿದ, ಒಬ್ಬನೇ ಕ್ಲಾಂಪ್ ಬಿಗಿದ. ಸಂತೋಷವೇನೂ ಇರಲಿಲ್ಲ. ಕೈಗೆ ಕೆಲಸ ಗೊತ್ತಿತ್ತು, ಕೈ ಮಾಡಿತು.

ಟೋವೆ ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು ಇಟ್ಟುಕೊಂಡು ನೆಲಮಾಳಿಗೆಗೆ ಇಳಿದು ಬರುತ್ತಿದ್ದಳು. ಹಲಗೆ ಯಾಕಿಷ್ಟು ದಪ್ಪ, ಬೆರಳ ಗೆಣ್ಣಿನಿಂದ ಯಾಕೆ ಬಡಿಯುತ್ತೀ ಎಂದು ಕೇಳುತ್ತಿದ್ದಳು. ಪೆಟ್ಟಿಗೆ ತಾನೇ ದನಿ ತೆಗೆಯಬಾರದು, ಮೂಕನಂತಿರಬೇಕು ಎಂದು ಅವನು ಬಡಿದು ತೋರಿಸುತ್ತಿದ್ದ. ನಲವತ್ತು ವರ್ಷ ಇಲ್ಲದ ಆಸಕ್ತಿ ಈಗ ಹುಟ್ಟಿದ್ದೂ ಕಾಯಿಲೆಯ ಲಕ್ಷಣವೇ ಎಂದು ಅವನಿಗೆ ಅನಿಸಿತು. ಅವನು ಕೆಲಸದಲ್ಲಿರುವಾಗ ಅವಳು ಗುಂಯ್ ಸದ್ದಿನ ಮಾತನ್ನೇ ಎತ್ತುತ್ತಿರಲಿಲ್ಲ; ಅದನ್ನೂ ಮರೆವಿನ ಲೆಕ್ಕಕ್ಕೇ ಹಾಕಿದ.

ಐದು ವಾರಕ್ಕೆ ಪೆಟ್ಟಿಗೆ ಮುಗಿಯಿತು. ಇಲ್ಲದ ಸದ್ದಿಗೆ ಯಾವ ತಂತಿ ಜೋಡಿಸುವುದೆಂದು ಹಾಗೇ ಬಿಟ್ಟ. ಟೋವೆ ಆಲಿಸಿ, ನಿಂತಿತು ಎಂದದ್ದನ್ನು ಆಗಲೇ ಹೇಳಿದೆ.

ಪ್ರೇಬೆನ್ ಮತ್ತೆ ಕುರ್ಚಿ ಸೇರಿದ. ಎಂಟನೆಯ ದಿನ ಗುಂಯ್ ಸದ್ದು ಮಲಗುವ ಕೋಣೆಯಲ್ಲಿ ಕಾಣಿಸಿಕೊಂಡಿತು. ಅಲ್ಲಿಗೂ ಒಂದು ಪೆಟ್ಟಿಗೆ ಮಾಡಿದ. ಅದಕ್ಕೂ ತಂತಿ ಜೋಡಿಸಲಿಲ್ಲ, ಅಲ್ಲೂ ನಿಂತಿತು. ಸೆಪ್ಟೆಂಬರಿನಲ್ಲಿ ಅಡುಗೆಮನೆಗೆ ಹೋಯಿತು. ಮೂರನೆಯದರ ಹಲಗೆ ಅರ್ಧ ಅಂಟಿಸಿದವನು, ಕೈ ಒರೆಸಿಕೊಂಡು ಮರೆವಿನ ಕಾಯಿಲೆಯ ಕ್ಲಿನಿಕ್ಕಿಗೆ ಫೋನ್ ಮಾಡಿದ. ವೈದ್ಯರು ಹೌದೆಂದರೆ ಮುಂದೇನೆಂಬುದು ಗೊತ್ತಿತ್ತು. ಅತ್ತೆ ಕಡೆಗೆ ಸೇರಿದಂಥದೇ ಒಂದು ಆರೈಕೆಯ ಮನೆ, ಹೊರಗಿನಿಂದ ಬೀಗ. ನಲವತ್ತೆಂಟು ವರ್ಷದ ಸಂಸಾರ ಅಲ್ಲಿಗೆ ಮುಗಿಯುತ್ತದೆ. ಅದನ್ನು ನೆನೆದರೂ ಎದೆಯೊಳಗೆ ಏನೂ ಅಲುಗಲಿಲ್ಲ.

ಟೋವೆ ರಂಪ ಮಾಡಬಹುದೆಂದುಕೊಂಡಿದ್ದ. ಅವಳು ಕೋಟು ಹಾಕಿಕೊಂಡು ಬಂದು ಕಾರಿನಲ್ಲಿ ಕುಳಿತಳು.

“ಅಡುಗೆಮನೆದು ಸ್ವಲ್ಪ ದೊಡ್ಡದೇ ಇರಲಿ,” ಎಂದಳು. “ನಿಧಾನಕ್ಕೆ ಮಾಡು. ಅವಸರ ಏನಿಲ್ಲ.”

ಕ್ಲಿನಿಕ್ಕಿನಲ್ಲಿ ವೈದ್ಯೆ ಅವನನ್ನು ಹೊರಗೆ ಕೂರಿಸಿ ಟೋವೆಯನ್ನು ಒಳಗೆ ಕರೆದಳು. ಗಡಿಯಾರದ ಚಿತ್ರ ಬರೆಸಿದಳು. ನೂರರಿಂದ ಏಳೇಳು ಕಳೆಯಿಸಿದಳು. ಐದು ಪದ ಹೇಳಿಕೊಟ್ಟು ಹತ್ತು ನಿಮಿಷ ಬಿಟ್ಟು ಕೇಳಿದಳು. ಟೋವೆ ಒಂದನ್ನೂ ತಪ್ಪಲಿಲ್ಲ. ವೈದ್ಯೆ ಪೆನ್ನು ಕೆಳಗಿಟ್ಟು, ಆ ಸದ್ದು ಈಗಲೂ ಕೇಳಿಸುತ್ತಿದೆಯೇ ಎಂದಳು.

ಟೋವೆ ಎದ್ದು ಹೋಗಿ, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದು ಕುಳಿತಳು.

“ಯಾವ ಸದ್ದೂ ಇಲ್ಲ ಡಾಕ್ಟ್ರೇ, ಯಾವತ್ತೂ ಇರಲಿಲ್ಲ. ಗೆಳೆಯ ಸತ್ತ ಮೇಲೆ ನನ್ನ ಗಂಡ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳ್ತಾನೇ ಇರಲಿಲ್ಲ. ಕರೆದರೂ ಇಲ್ಲ, ಬೈದರೂ ಇಲ್ಲ. ನನಗೆ ವಾಸಿ ಆಯ್ತು ಅಂತ ಮಾತ್ರ ಅವನಿಗೆ ಹೇಳಿಬಿಡಬೇಡಿ.”