ನಲವತ್ತೊಂದು ಹಕ್ಕಿ ಪುಸ್ತಕಗಳು

“ಪುಟ ನೂರ ತೊಂಬತ್ತೆರಡು,” ಎಂದು ಅಕ್ಕ ಗಂಟಲು ಸರಿಮಾಡಿಕೊಂಡಳು. “ಮರಕುಟಿಗ ಗೂಡು ಕೊರೆಯುವ ವಿಧಾನ.”

ಹಾಸಿಗೆಯಲ್ಲಿದ್ದ ತಮ್ಮ ಕಣ್ಣು ಮುಚ್ಚಿದ. ಅವನ ಕೈಲಿ ಆಗುತ್ತಿದ್ದದ್ದು ಅದೊಂದೇ. ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕೈಕಾಲು ಹೋಗಿತ್ತು, ಮಾತು ಹೋಗಿತ್ತು, ಉಳಿದದ್ದು ಕಣ್ಣು ಮತ್ತು ಕಿವಿ. ಕಿವಿಯೂ ಹೋಗಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ದಿನಕ್ಕೆ ನಾಲ್ಕು ಸಲವಾದರೂ ಅನ್ನಿಸುತ್ತಿತ್ತು.

“ಕಣ್ಣು ಮುಚ್ಕೊಂಡು ಎಷ್ಟು ಮೈಮರೆತು ಕೇಳ್ತಾನೆ ನೋಡಿ,” ಎಂದಳು ಅಕ್ಕ, ದಿಂಬು ಸರಿಪಡಿಸುತ್ತಿದ್ದ ನರ್ಸಮ್ಮನಿಗೆ.

ಡಾಕ್ಟರು ಹೇಳಿದ್ದರು: ಅವರಿಗೆ ಯಾವುದು ಪ್ರಾಣವೋ ಅದನ್ನೇ ಓದಿ ಹೇಳಿ, ಮಾತು ಮರಳಿದರೂ ಮರಳಬಹುದು. ಯಾವುದು ಪ್ರಾಣವೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಪಾಟಿನಲ್ಲಿ ನಲವತ್ತೊಂದು ಪುಸ್ತಕ, ಎಲ್ಲವೂ ಹಕ್ಕಿಗಳದ್ದೇ, ಕೊಂಡ ಕ್ರಮದಲ್ಲೇ ನಿಂತಿದ್ದವು. ಒಂದರ ಮೇಲೂ ಧೂಳಿರಲಿಲ್ಲ.

ಅಕ್ಕ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತಳಾದ ಟೀಚರು. ಮುನ್ನುಡಿ ಬಿಟ್ಟವಳಲ್ಲ, ಅಡಿಟಿಪ್ಪಣಿ ಬಿಟ್ಟವಳಲ್ಲ, ಮುದ್ರಣಾಲಯದ ವಿಳಾಸವನ್ನೂ ಬಿಟ್ಟವಳಲ್ಲ. ಈ ಪುಟ ಮುಗಿಯದೆ ಮುಂದಿನದನ್ನು ಇಣುಕುವುದು ಅವಳ ಲೆಕ್ಕದಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆದಷ್ಟೇ ಅಪರಾಧ. ಎಲ್ಲಕ್ಕಿಂತ ಮೊದಲು ಕೊಂಡ ಪುಸ್ತಕದಿಂದ ಶುರುಮಾಡಿ, ಮೂರು ವಾರದಿಂದ ದಿನಕ್ಕೆ ಹತ್ತು ಪುಟದಂತೆ ಓದುತ್ತಾ ಬಂದಿದ್ದಳು.

ನಿಜ ಹೇಳಬೇಕೆಂದರೆ, ತಮ್ಮನಿಗೆ ಕಾಗೆಗೂ ಕೋಗಿಲೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆ ನಲವತ್ತೊಂದರಲ್ಲಿ ಒಂದನ್ನೂ ಅವನು ಬಿಡಿಸಿ ನೋಡಿದವನಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ದಿನವಿಡೀ ಕಣ್ಣು ಕಿರಿದು ಮಾಡಿಕೊಂಡು ದುಡಿದವನಿಗೆ ಸಂಜೆ ಅಕ್ಷರ ಕಂಡರೆ ತಲೆ ಸಿಡಿಯುತ್ತಿತ್ತು. ಹಕ್ಕಿಯ ಹುಚ್ಚು ಅವನದ್ದಲ್ಲ, ಪುಸ್ತಕದಂಗಡಿಯವಳದ್ದು.

ಮೂರೂವರೆ ವರ್ಷದ ಹಿಂದೆ ಬಸ್ಸು ತಪ್ಪಿ ಆ ಅಂಗಡಿಯೊಳಗೆ ಕಾಲಿಟ್ಟಿದ್ದ. ಸುಮ್ಮನೆ ನಿಲ್ಲಲು ಸಂಕೋಚವಾಗಿ ಕೈಗೆ ಸಿಕ್ಕ ಪುಸ್ತಕ ಎತ್ತಿಕೊಂಡ. “ನಿಮಗೂ ಹಕ್ಕಿ ಅಂದ್ರೆ ಇಷ್ಟಾನಾ?” ಎಂದು ಅವಳು ಕೇಳಿದಳು. ಅವಳ ಮುಖ ಅರಳಿದ್ದನ್ನು ನೋಡಿದ ಮೇಲೆ, ನಲವತ್ತೈದರ ಆ ಬ್ರಹ್ಮಚಾರಿಗೆ ಹೂಂ ಅನ್ನದೆ ಬೇರೆ ದಾರಿ ಇರಲಿಲ್ಲ.

ಒಂದು ಸುಳ್ಳಾಡಿದ ತಪ್ಪಿಗೆ ಇನ್ನೂ ನಲವತ್ತು ಕೊಳ್ಳಬೇಕಾಯಿತು. ತಿಂಗಳ ಮೊದಲ ಶನಿವಾರಕ್ಕೆ ತಾನು ಓದಿ ಮೆಚ್ಚಿದ್ದೊಂದನ್ನು ಅವಳು ಆರಿಸಿಟ್ಟಿರುತ್ತಿದ್ದಳು. ಮೊದಲ ಸಲದಂತೆಯೇ ಅದನ್ನು ಹಿಂದಿನ ಕೋಣೆಗೆ ಒಯ್ದು, ಕಾಗದ ಸುತ್ತಿ ದಾರ ಕಟ್ಟಿ ತರುವಷ್ಟರಲ್ಲಿ ಬೇಕಾದಷ್ಟು ಹೊತ್ತಾಗುತ್ತಿತ್ತು. ಅಷ್ಟು ಹೊತ್ತೂ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅವಳ ಅಪ್ಪ ಇವನನ್ನು ದುರುಗುಟ್ಟಿ ನೋಡುತ್ತಿದ್ದರು. ಅವರ ಎದುರಿಗೆ ಮಾತು ಬೆಳೆಸುವುದೆಲ್ಲಿ ಬಂತು.

“ಹೋದ ಸಲದ್ದು ಓದಿದ್ರಾ?” ಎಂದು ಅವಳು ತಪ್ಪದೆ ಕೇಳುತ್ತಿದ್ದಳು.

“ಓದಿದೆ.”

“ಪೂರ್ತಿ?”

“ಪೂರ್ತಿ.”

“ಏನನ್ನಿಸ್ತು?”

“ತುಂಬಾ ಚೆನ್ನಾಗಿತ್ತು.”

ಇನ್ನೂ ಏನೋ ಬರಲಿದೆ ಎಂಬಂತೆ ಅವಳು ಕಾಯುತ್ತಿದ್ದಳು. ಇನ್ನೊಂದು ಪ್ರಶ್ನೆ ಬಂದರೆ ಬಣ್ಣ ಬಯಲಾಗುತ್ತದೆಂದು ಅವನು ಕಾಲು ಕೀಳುತ್ತಿದ್ದ.

ನಲವತ್ತೊಂದನೆಯ ಸಲ ಅವಳು ಒಳಗೆ ಹೋಗಲಿಲ್ಲ. ಅವನ ಎದುರಿಗೇ ಚಕಚಕನೆ ಸುತ್ತಿ ಕೈಗಿಟ್ಟಳು. ಸಲಿಗೆ ಬೆಳೆದಿದೆ ಎಂದು ಅವನು ಹಿಗ್ಗಿದ. ಮುಂದಿನ ಸಲ ಅಪ್ಪ ಇದ್ದರೂ ಸರಿಯೇ, ಹೇಳಿಯೇ ಬಿಡುವುದು: ನನಗೆ ಹಕ್ಕಿ ಗೊತ್ತಿಲ್ಲ, ನೀವು ಬೇಕು. ಬಾಯಿಗೆ ಬೆರಳಿಟ್ಟರೂ ಕಚ್ಚದ ಮನುಷ್ಯ ಒಂದು ತಿಂಗಳು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಶನಿವಾರಕ್ಕೆ ಒಂದು ದಿನ ಇದೆ ಎನ್ನುವಾಗ ಗಾಜು ಉಜ್ಜುವ ಯಂತ್ರದ ಪಕ್ಕದಲ್ಲೇ ಕುಸಿದು ಬಿದ್ದ.

ಈಗ ಅವನಿಗೆ ಬೇಕಾಗಿದ್ದದ್ದು ಆ ಒಂದು ಮಾತು. ನಾಲಿಗೆ ಒಂದೇ ಒಂದು ಸಲ ತಿರುಗಿದರೆ ಸಾಕು, ಯಾರನ್ನಾದರೂ ಕಳಿಸಿ ಅವಳನ್ನು ಕರೆಸಬಹುದು. ಅಕ್ಕ ಓದುವಾಗೆಲ್ಲ ಅವನು ಒಳಗೊಳಗೇ ಒದ್ದಾಡುತ್ತಿದ್ದ. ಕಣ್ಣಲ್ಲಿ ನೀರು ಬಂದರೆ ಅಕ್ಕ ಸೆರಗಿನಿಂದ ಒರೆಸಿ, “ಹಕ್ಕಿಗಳ ನೆನಪಾಯ್ತೇನೋ?” ಅನ್ನುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಅನ್ನುತ್ತಾರೆ. ಆದರೆ ಕೋಣ ಎದ್ದಾದರೂ ಹೋಗುತ್ತದೆ.

ಆ ದಿನ ಮಧ್ಯಾಹ್ನದ ಹೊತ್ತಿಗೆ ಮೊದಲ ಪುಸ್ತಕ ಮುಗಿಯಿತು. ಅಕ್ಕ ಕೊನೆಯ ಹಾಳೆ ತಿರುಗಿಸಿ, ಕನ್ನಡಕ ಮೇಲೇರಿಸಿಕೊಂಡಳು.

“ಇದೇನೋ ಇದು, ಪೆನ್ಸಿಲ್ಲಲ್ಲಿ ಬರೆದಿದೆ?” ಎಂದು, ಅದನ್ನೂ ತರಗತಿಯ ದನಿಯಲ್ಲೇ ಓದಿದಳು. “‘ಹಕ್ಕಿ ಇಷ್ಟಪಡುವವರು ನನಗೆ ಸಿಕ್ಕಿದ್ದು ಇದೇ ಮೊದಲು. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಕೆರೆಯ ದಂಡೆಯಲ್ಲಿರುತ್ತೇನೆ. ಅಪ್ಪನ ಎದುರು ಏನೂ ಹೇಳಬೇಡಿ. ಬಂದುಬಿಡಿ.’”

ತಮ್ಮನ ಕಣ್ಣು ತೆರೆದುಕೊಂಡಿತು.

ಅಕ್ಕ ಎದ್ದು ಎರಡನೆಯ ಪುಸ್ತಕ ತೆಗೆದಳು. ಜೀವಮಾನದಲ್ಲಿ ಮೊದಲ ಸಲ ನೇರವಾಗಿ ಕೊನೆಯ ಪುಟಕ್ಕೆ ಹೋದಳು. “‘ಕೆಲಸವಿತ್ತೇನೋ. ಈ ಭಾನುವಾರವೂ ಕಾಯುತ್ತೇನೆ.’” ಒಂದೊಂದಾಗಿ ಪುಸ್ತಕಗಳು ಹಾಸಿಗೆಯ ಮೇಲೆ ಬಿದ್ದವು. ಇಪ್ಪತ್ತೇಳನೆಯದು: “‘ಹಕ್ಕಿಯ ನೆಪ ಬಿಡುತ್ತೇನೆ. ನಿಮ್ಮನ್ನು ನೋಡಬೇಕು.’” ನಲವತ್ತನೆಯದು: “‘ಇಷ್ಟವಿಲ್ಲದಿದ್ದರೆ ಇಲ್ಲ ಅನ್ನಿ. ಚೆನ್ನಾಗಿತ್ತು ಅಂತ ಮಾತ್ರ ಅನ್ನಬೇಡಿ.’”

ನಲವತ್ತೊಂದನೆಯದರಲ್ಲಿ ಏನೂ ಇರಲಿಲ್ಲ.

ಅಕ್ಕ ಅದನ್ನೂ ಮುಚ್ಚಿಟ್ಟಳು. ಆಮೇಲೆ ಅವನ ಸತ್ತ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

“ಇಷ್ಟೆಲ್ಲಾ ಓದ್ಕೊಂಡೂ,” ಎಂದಳು, “ಒಂದ್ಸಲನಾದ್ರೂ ಹೋಗ್ಬಾರ್ದಿತ್ತೇನೋ?”